ಕೊನೆಯ ಪೇಪರಿನ ಅಂಕ

ಆ ಮನೆಯಲ್ಲಿ ವಿಶ್ವವಿದ್ಯಾಲಯದ ಅನ್ನ ಉಣ್ಣದವರು ಇರಲಿಲ್ಲ. ಮಾವ ಅದರ ಪರೀಕ್ಷಾ ವಿಭಾಗದಲ್ಲಿ ಮೂವತ್ತಮೂರು ವರ್ಷ ದುಡಿದು ಸೂಪರಿಂಟೆಂಡೆಂಟರಾಗಿ ನಿವೃತ್ತರಾದವರು. ಮಗ ಅದರ ಮುದ್ರಣಾಲಯದಲ್ಲಿ ಫೋರ್‌ಮನ್. ಸೊಸೆ ಇತಿಹಾಸ ವಿಭಾಗದಲ್ಲಿ ಅತಿಥಿ ಉಪನ್ಯಾಸಕಿ. ಹೆಸರಿಗೆ ಅತಿಥಿ, ಬಂದು ಹನ್ನೊಂದು ವರ್ಷವಾಗಿತ್ತು. ಪ್ರತಿ ವರ್ಷ ರಜೆ ಮುಗಿಯುವ ಹೊತ್ತಿಗೆ ಹೊಸದಾಗಿ ಅರ್ಜಿ ಬರೆದು, ಅವೇ ಪದವಿಗಳ ನಕಲು ಲಗತ್ತಿಸಿ, ಅದೇ ಕಾಲು ಮುರಿದ ಕುರ್ಚಿಗೆ ಮತ್ತೆ ಹೋಗಿ ಕೂರುತ್ತಿದ್ದಳು.

“ನಿಮ್ಮಮ್ಮನಷ್ಟು ಮರ್ಯಾದಸ್ಥ ಅತಿಥಿ ಇನ್ನೊಬ್ಬಳಿಲ್ಲ ಕಣೇ. ಎಬ್ಬಿಸೋವರೆಗೂ ಏಳಲ್ಲ, ಬಡಿಸೋವರೆಗೂ ಕೇಳಲ್ಲ,” ಎಂದು ಚಿಕ್ಕಮ್ಮ ಅವಳ ಮಗಳನ್ನು ನಗಿಸುತ್ತಿದ್ದರು.

ಚಿಕ್ಕಮ್ಮ ಎಂದರೆ ಅತ್ತೆಯ ತಂಗಿ. ಗಂಡ ಕರೆದಂತೆ ಸೊಸೆಯೂ ಕರೆದು ಅದೇ ರೂಢಿಯಾಗಿತ್ತು. ಗಣಿತದಲ್ಲಿ ಎಂ.ಎಸ್ಸಿ. ಓದಲು ಅಕ್ಕನ ಮನೆಗೆ ಬಂದವರು ವಾಪಸ್ ಹೋಗಲೇ ಇಲ್ಲ. ಓದಿದ ಎರಡು ವರ್ಷವೂ ತರಗತಿಗೆ ಅವರೇ ಮೊದಲು. ಮೊದಲ ರ‍್ಯಾಂಕ್ ಬಂದವರನ್ನು ವಿಭಾಗವೇ ಕರೆದು ಉಪನ್ಯಾಸಕರನ್ನಾಗಿ ಮಾಡಿಕೊಳ್ಳುತ್ತಿದ್ದ ಕಾಲ ಅದು. ಕೊನೆಯ ಪೇಪರಿನಲ್ಲಿ ಅರವತ್ನಾಲ್ಕು ಬಂತು. ರ‍್ಯಾಂಕೂ ಹೋಯಿತು, ಹುದ್ದೆಯೂ ಹೋಯಿತು. ಪ್ರಾಥಮಿಕ ಶಾಲೆಯಲ್ಲಿ ಮಗ್ಗಿ ಹೇಳಿಕೊಡುವ ಕೆಲಸ ಸಿಕ್ಕಿತು. ಮದುವೆಯ ಮಾತು ಎರಡು ಸಲ ಬಂತು. ಒಂದು ಸಲ ಅಕ್ಕನಿಗೆ ಸೊಂಟದ ಆಪರೇಷನ್, ಇನ್ನೊಂದು ಸಲ ಅಕ್ಕನ ಮಗನಿಗೆ ಟೈಫಾಯ್ಡ್. ಅಡುಗೆಮನೆಯ ಪಕ್ಕದ ಕೋಣೆ ಅವರದೆಂದೇ ಆಯಿತು. ಈಗ ಅರವತ್ತೊಂದು. ಶಾಲೆಯಿಂದ ನಿವೃತ್ತರಾದ ಮೇಲೂ ಸಂಜೆ ನಡುಮನೆಯಲ್ಲಿ ಏಳೆಂಟು ಮಕ್ಕಳನ್ನು ಕೂರಿಸಿಕೊಂಡು ಲೆಕ್ಕ ಹೇಳಿಕೊಡುತ್ತಿದ್ದರು.

“ಪ್ರಶ್ನೆಪತ್ರಿಕೆ ತಿರುಗಿಸಿ ನೋಡ್ರೋ,” ಎಂದು ಪ್ರತಿ ಮಗುವಿಗೂ ಹೇಳುತ್ತಿದ್ದರು. “ನಾನು ಹಿಂಬದಿ ನೋಡದೆ ಬಂದೆ ಅನ್ಸುತ್ತೆ. ಅಲ್ಲೊಂದು ಇಪ್ಪತ್ತು ಅಂಕದ ಪ್ರಶ್ನೆ ಇತ್ತು. ಬರೆದ ನೆನಪಿದೆ, ಆದ್ರೆ ಬರೆದಿದ್ರೆ ಅಂಕ ಬರ್ಬೇಕಿತ್ತಲ್ಲ.”

ವಿಶ್ವವಿದ್ಯಾಲಯಕ್ಕೆ ನೂರು ತುಂಬುವ ವರ್ಷ ಸೊಸೆಗೆ ಒಂದು ಕೆಲಸ ಬಂತು. ಶತಮಾನೋತ್ಸವದ ಸಂಪುಟ ಬರೆಯಬೇಕು. ಸಂಪಾದಕರ ಪಟ್ಟಿಯಲ್ಲಿ ಆರು ಜನ ದೊಡ್ಡವರಿದ್ದರು, ಬರೆಯುವವಳು ಇವಳೊಬ್ಬಳು. ಸಂಪುಟ ಚೆನ್ನಾಗಿ ಬಂದರೆ ಕಾಯಂ ಹುದ್ದೆಯ ಸಂದರ್ಶನದಲ್ಲಿ ಅದನ್ನು ಗಮನಿಸಲಾಗುವುದು ಎಂದು ಕುಲಸಚಿವರು ಹೇಳಿದ್ದರು. ಹೇಳಿದ್ದರು ಅಷ್ಟೆ, ಬರೆದುಕೊಟ್ಟಿರಲಿಲ್ಲ.

ಆ ತಿಂಗಳು ಮನೆಯಲ್ಲಿ ಅತ್ಯಂತ ಖುಷಿಯಲ್ಲಿದ್ದವರು ಮಾವ. ನಿವೃತ್ತಿಯಾದ ಹದಿನಾಲ್ಕು ವರ್ಷದಲ್ಲಿ ಅವರ ನೆನಪು ಯಾರಿಗೂ ಬೇಕಾಗಿರಲಿಲ್ಲ. ಈಗ ಸೊಸೆ ಊಟದ ಮೇಜಿನ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಕೂರುತ್ತಿದ್ದಳು.

“ಮೊದಲು ಇದ್ದದ್ದು ನಾಲ್ಕೇ ವಿಭಾಗ,” ಮಾವ ಶುರು ಮಾಡುತ್ತಿದ್ದರು. “ದಾರದ ಕಾರ್ಖಾನೆಯವರು ಬಿಟ್ಟುಹೋದ ಗೋದಾಮು. ರಸಾಯನಶಾಸ್ತ್ರದವರು ಒಂದು ಮೂಲೆ, ತತ್ವಶಾಸ್ತ್ರದವರು ಇನ್ನೊಂದು ಮೂಲೆ. ಅವರು ಗಂಧಕ ಕಾಯಿಸಿದ್ರೆ ಇವರು ಕೆಮ್ಮೋರು.”

“ಇದು ನೀವು ನೋಡಿದ್ದಾ ಮಾವ?”

“ನನಗೆ ಹೇಳಿದ ಜವಾನ ನೋಡಿದ್ದ. ಬರ್ಕೋ. ಹೆಣ್ಣುಮಕ್ಕಳ ಹಾಸ್ಟೆಲಿಗೆ ಮೊದಲು ಬಂದದ್ದು ಒಂಬತ್ತು ಜನ. ಒಬ್ಬ ಕಾವಲುಗಾರ, ಒಂದು ಬೀಗ, ಎರಡು ಕೀಲಿ. ಶುಲ್ಕದ ಮುಷ್ಕರ ನಡೆದಾಗ ಆ ಒಂಬತ್ತು ಜನ ಒಳಗಿಂದಲೇ ಬೀಗ ಹಾಕ್ಕೊಂಡು ಕೂತ್ರು.”

“ರೀ, ಅನ್ನ ಆರ್ತಿದೆ,” ಎಂದು ಅತ್ತೆ.

“ಆರಲಿ ಬಿಡೇ. ನೂರು ವರ್ಷ ಕಾದಿದೆ.”

ಚಿಕ್ಕಮ್ಮ ನಕ್ಕು ಅವರ ತಟ್ಟೆಗೆ ಬಿಸಿ ಬೇಳೆ ಹಾಕುತ್ತಿದ್ದರು.

ಸಂಪುಟದ ಕೊನೆಗೆ ಚಿನ್ನದ ಪದಕ ಪಡೆದವರ ಪಟ್ಟಿ ಹಾಕಬೇಕಿತ್ತು. ಘಟಿಕೋತ್ಸವದ ಹಳೆಯ ಪುಸ್ತಿಕೆಗಳಲ್ಲಿ ಹೆಸರುಗಳ ಕಾಗುಣಿತ ಒಂದೊಂದರಲ್ಲಿ ಒಂದೊಂದು ಥರ. ಅಂಕಗಳ ರಿಜಿಸ್ಟರಿನೊಂದಿಗೆ ತಾಳೆ ನೋಡೋಣವೆಂದು ಸೊಸೆ ಪರೀಕ್ಷಾ ವಿಭಾಗದ ನೆಲಮಾಳಿಗೆಗೆ ಇಳಿದಳು. ಕಬ್ಬಿಣದ ಕಪಾಟುಗಳು, ಸುಣ್ಣ ಉದುರಿದ ಗೋಡೆ, ಉರಿಯಲೋ ಬೇಡವೋ ಎನ್ನುವ ಒಂದು ಟ್ಯೂಬ್‌ಲೈಟು. ಮೂರನೆಯ ದಿನ ಗಣಿತದ ಹಳೆಯ ರಿಜಿಸ್ಟರುಗಳು ಸಿಕ್ಕವು. ಮೂವತ್ತೆಂಟು ವರ್ಷದ ಹಿಂದಿನದನ್ನು ತೆರೆದಳು. ಚಿಕ್ಕಮ್ಮನ ಹೆಸರು ಕಂಡು ಮೊದಲು ಸಂತೋಷವೇ ಆಯಿತು; ಫೋಟೋ ತೆಗೆದು ಮನೆಯಲ್ಲಿ ತೋರಿಸೋಣ ಎಂದುಕೊಂಡಳು. ಫೋನನ್ನು ಹತ್ತಿರ ಹಿಡಿದಾಗ ಕಂಡಿತು. ಕೊನೆಯ ಪೇಪರಿನ ಮುಂದೆ ಎಂಬತ್ನಾಲ್ಕು ಎಂದು ಬರೆದು, ಒಂದೇ ಗೆರೆಯಲ್ಲಿ ಹೊಡೆದು, ಮೇಲೆ ಅರವತ್ನಾಲ್ಕು ಎಂದು ಬರೆಯಲಾಗಿತ್ತು. ಮೊತ್ತವನ್ನೂ ತಿದ್ದಲಾಗಿತ್ತು. ತಿದ್ದಿದವರು ಪಕ್ಕದಲ್ಲಿ ಸಹಿ ಹಾಕಬೇಕೆಂಬುದು ನಿಯಮ. ಹಾಕಿದ್ದರು. ಕೊಕ್ಕೆಯಂತೆ ಬಾಗಿ ಕೆಳಗೆ ಎರಡು ಚುಕ್ಕೆ ಇಟ್ಟ ಸಹಿ. ಮಗಳ ಶಾಲೆಯ ವರದಿಗಳ ಮೇಲೆ ಮಾವ ಹಾಕುವುದನ್ನು ಅವಳು ಎಷ್ಟೋ ಸಲ ನೋಡಿದ ಸಹಿ.

ಪುಟದ ಹಿಂದೆ ಮೌಲ್ಯಮಾಪಕರ ಅಂಕಚೀಟಿ ತುಕ್ಕು ಹಿಡಿದ ಗುಂಡುಸೂಜಿಯಲ್ಲಿ ಇನ್ನೂ ಇತ್ತು. ಅದರಲ್ಲಿಯೂ ಎಂಬತ್ನಾಲ್ಕು. ತಿದ್ದಿದ ಮೊತ್ತದ ಪ್ರಕಾರ ಮೊದಲ ರ‍್ಯಾಂಕ್ ಬಂದವನ ಹೆಸರು ಎರಡು ಸಾಲು ಕೆಳಗಿತ್ತು. ಆತನನ್ನು ಊರೆಲ್ಲ ಬಲ್ಲದು. ಅದೇ ವಿಭಾಗದಲ್ಲಿ ಉಪನ್ಯಾಸಕನಾಗಿ ಸೇರಿ, ಡೀನ್ ಆಗಿ ನಿವೃತ್ತನಾಗಿ, ಈಗ ಸಂಪುಟ ಸಮಿತಿಯ ಅಧ್ಯಕ್ಷ. ಮೂರು ಮಾತಿಗೊಮ್ಮೆ ತನ್ನ ಪದಕದ ಸುದ್ದಿ ತೆಗೆಯುತ್ತಿದ್ದುದರಿಂದ ವಿದ್ಯಾರ್ಥಿಗಳು ಪದಕದ ಮೇಷ್ಟ್ರು ಎಂದೇ ಕರೆಯುತ್ತಿದ್ದರು.

ಮಾರನೆಯ ಬೆಳಿಗ್ಗೆ ಅತ್ತೆ, ಚಿಕ್ಕಮ್ಮ ಇಬ್ಬರೂ ಮಾರುಕಟ್ಟೆಗೆ ಹೋದ ಹೊತ್ತು ನೋಡಿ ಸೊಸೆ ವರಾಂಡಕ್ಕೆ ಹೋದಳು. ಮಾವ ಬಟಾಣಿ ಸುಲಿಯುತ್ತ ಕೂತಿದ್ದರು.

“ಮಾವ, ಒಂದು ಕೇಳ್ಬೇಕಿತ್ತು.”

“ಕೇಳು. ಯಾವ ವರ್ಷದ್ದು?”

“ಚಿಕ್ಕಮ್ಮ ಪಾಸಾದ ವರ್ಷದ್ದು.”

ಸುಲಿಯುತ್ತಿದ್ದ ಕೈ ನಿಲ್ಲಲಿಲ್ಲ. ಆದರೆ ಕಾಳು ಸಿಪ್ಪೆಯ ಬುಟ್ಟಿಗೂ ಸಿಪ್ಪೆ ಕಾಳಿನ ಪಾತ್ರೆಗೂ ಬೀಳತೊಡಗಿದವು.

“ಆ ರಿಜಿಸ್ಟರು ಇನ್ನೂ ಇದೆಯಾ?”

“ಇದೆ.”

“ಗೆದ್ದಲು ತಿಂದಿರುತ್ತೆ ಅಂದ್ಕೊಂಡಿದ್ದೆ.” ಮಾವ ಇನ್ನೊಂದು ಬಟಾಣಿ ಬಿಡಿಸಿದರು. “ಒಂಬತ್ತು ವರ್ಷ ನಾನು ತಾತ್ಕಾಲಿಕ. ವರ್ಷಕ್ಕೊಂದು ಸಲ ತೆಗೀತಿದ್ರು, ಎರಡು ದಿನ ಬಿಟ್ಟು ಮತ್ತೆ ಸೇರಿಸ್ಕೋತಿದ್ರು. ನಿನ್ನ ಗಂಡನಿಗೆ ಆಗ ಏಳು ವರ್ಷ. ಪದಕ ಬಂತಲ್ಲ, ಆ ಹುಡುಗನ ತಂದೆ ವಿಶ್ವವಿದ್ಯಾಲಯದ ಸಿಂಡಿಕೇಟಿನಲ್ಲಿದ್ದ. ಕರೆಸಿದ, ಕೂರಿಸಿದ, ಚಹಾ ಕೊಟ್ಟ. ಅಲ್ಲಿವರೆಗೂ ಆ ಆಫೀಸಲ್ಲಿ ನನಗೆ ಯಾರೂ ಕೂತ್ಕೋ ಅಂದಿರಲಿಲ್ಲ. ಆ ತಿಂಗಳೇ ಕಾಯಂ ಆಯ್ತು.”

“ಯಾರ ಅಂಕ ಅಂತ ಗೊತ್ತಿದ್ದೇ ಮಾಡಿದ್ರಾ?”

“ಗೊತ್ತಿಲ್ಲದೆ ಏನು? ಬೆಳಿಗ್ಗೆ ನನಗೆ ಊಟದ ಡಬ್ಬಿ ಕಟ್ಟಿ ಕೊಟ್ಟವಳೇ ಅವಳು.”

ಸೊಸೆ ಪಕ್ಕದಲ್ಲಿ ಕೂತಳು. ಬುಟ್ಟಿಗೆ ಬಿದ್ದ ಕಾಳನ್ನು ಆರಿಸಿ ಪಾತ್ರೆಗೆ ಹಾಕತೊಡಗಿದಳು.

“ಹೇಳ್ತೀಯಾ ಅವಳಿಗೆ?” ಮಾವ ಕೇಳಿದರು.

“ಗೊತ್ತಿಲ್ಲ ಮಾವ.”

“ಹೇಳಿ ಯಾರಿಗೇನು ಬಂತು? ಅವಳಿಗೆ ಅರವತ್ತೊಂದು.”

ಒಂದು ವಾರ ಅವಳು ಬಾಯಿಬಿಡಲಿಲ್ಲ. ಊಟದ ಮೇಜಿನ ಮೇಲೆ ನೋಟ್‌ಬುಕ್ ಕಾಣಿಸಲಿಲ್ಲ. ಮಾವ ಗೋದಾಮಿನ ಕಥೆ ಎತ್ತಲಿಲ್ಲ. “ಏನು, ನೂರು ವರ್ಷ ಒಂದೇ ವಾರದಲ್ಲಿ ಮುಗೀತಾ?” ಎಂದು ಚಿಕ್ಕಮ್ಮ ಇಬ್ಬರ ಮುಖವನ್ನೂ ನೋಡಿದರು.

ಬಯಲು ಮಾಡಿದವಳು ಮಗಳು. ಹದಿನೇಳರ ಹುಡುಗಿ, ಮಾತು ಗಂಟಲಲ್ಲಿ ನಿಲ್ಲದ ಸ್ವಭಾವ. ಭಾನುವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದಾಗ ಗೆಳತಿ ಕಳಿಸಿದ ಲೆಕ್ಕಗಳನ್ನು ನೋಡಲು ಅಮ್ಮನ ಫೋನು ತೆಗೆದುಕೊಂಡಳು. ಬೆರಳಾಡಿಸುತ್ತಿದ್ದವಳು ನಿಂತಳು.

“ಅಮ್ಮಾ, ಇದು ಚಿಕ್ಕಜ್ಜಿ ಹೆಸರಲ್ವಾ? ಅಂಕ ಯಾಕೆ ಹೊಡೆದು ಹಾಕಿದಾರೆ?”

“ಫೋನ್ ಕೊಡು ಇಲ್ಲಿ.”

“ತಡಿ. ಎಂಬತ್ನಾಲ್ಕು ಹೊಡೆದು ಅರವತ್ನಾಲ್ಕು ಮಾಡಿದಾರೆ.”

ಚಿಕ್ಕಮ್ಮ ಬಡಿಸುವ ಚಮಚ ಕೆಳಗಿಟ್ಟರು. ಕೈ ಒರೆಸಿಕೊಂಡು, ಕನ್ನಡಕ ಹುಡುಕಿ ಹಾಕಿಕೊಂಡು, ಫೋನು ತೆಗೆದುಕೊಂಡರು. “ಇದನ್ನ ದೊಡ್ಡದು ಮಾಡೋದು ಹೇಗೆ?” ಎಂದರು. ಮೊಮ್ಮಗಳು ಎರಡು ಬೆರಳಿನಿಂದ ಹಿಗ್ಗಿಸಿ ತೋರಿಸಿದಳು. ಮುಂದಿನ ಫೋಟೋದಲ್ಲಿ ಅಂಕಚೀಟಿ ಇತ್ತು, ಅದನ್ನೂ ನೋಡಿದರು.

“ಹಾಗಾದ್ರೆ ಹಿಂಬದಿ ಪ್ರಶ್ನೆ ಬರೆದಿದ್ದೆ,” ಎಂದರು.

ಆಮೇಲೆ ಮಾವನ ಕಡೆ ತಿರುಗಿದರು.

“ಫಲಿತಾಂಶ ಬಂದ ರಾತ್ರಿನೇ ಅದರ ಉತ್ತರ ಭಾವನ ಮುಂದೆ ಪೂರ್ತಿ ಹೇಳಿದ್ದೆ. ಅಲ್ವಾ ಭಾವ? ಹೇಳ್ತಾ ಹೇಳ್ತಾ ಅತ್ತಿದ್ದೆ. ನೀವು, ಹೋಗ್ಲಿ ಬಿಡು, ಬರೆದಿರಲಿಕ್ಕಿಲ್ಲ, ಬರೆದ ಹಾಗೆ ಅನ್ಸಿರುತ್ತೆ ಅಂದ್ರಿ.” ಫೋನನ್ನು ಮಾವನ ತಟ್ಟೆಯ ಪಕ್ಕದಲ್ಲಿಟ್ಟರು. “ಇದು ನಿಮ್ಮ ಸಹಿ.”

“ಹೌದು,” ಎಂದರು ಮಾವ.

“ಊಟದ ಹೊತ್ತಲ್ಲಿ ಇದೆಲ್ಲ ಯಾಕೆ ತೆಗೀತೀರಿ?” ಎಂದು ಅತ್ತೆ ತಟ್ಟೆಗಳನ್ನು ಅತ್ತಿತ್ತ ಸರಿಸಿದರು. “ಎಷ್ಟೋ ಕಾಲದ ಮಾತು. ಆಗಿನ ಕಷ್ಟ ನಿಮಗೇನು ಗೊತ್ತು? ಇವರು ಕಾಯಂ ಆಗದಿದ್ರೆ ಎಲ್ಲರೂ ಬೀದಿಗೆ ಬೀಳ್ತಿದ್ವಿ. ನೀನೂ ಬೀಳ್ತಿದ್ದೆ.”

“ನಾನು ಯಾಕೆ ಬೀಳ್ತಿದ್ದೆ ಅಕ್ಕ? ಉಪನ್ಯಾಸಕಿ ಆಗ್ತಿದ್ದೆ. ನಿಮ್ಮನ್ನೆಲ್ಲ ನಾನೇ ಸಾಕ್ತಿದ್ದೆ.”

“ನಲವತ್ತು ವರ್ಷ ಈ ಮನೆ ಅನ್ನ ತಿಂದಿದೀಯ. ಅದು ನೆನಪಿರಲಿ.”

“ಬೇಯಿಸಿದ್ದು ಯಾರು?”

ಚಿಕ್ಕಮ್ಮ ಅಕ್ಕನ ಮುಖವನ್ನೇ ನೋಡುತ್ತಿದ್ದರು. ನೋಡುತ್ತ ನೋಡುತ್ತ ಅವರ ದನಿ ಇಳಿಯಿತು.

“ಅಕ್ಕ, ನಿನಗೆ ಗೊತ್ತಿತ್ತಾ?”

ಅತ್ತೆ ಮೊಸರಿನ ಪಾತ್ರೆಯನ್ನು ತಂಗಿಯ ಕಡೆಗೆ ತಳ್ಳಿದರು. “ಮೊಸರು ಹಾಕ್ಕೋ,” ಎಂದರು.

ಮಾರನೆಯ ದಿನದಿಂದ ಚಿಕ್ಕಮ್ಮ ಅಡುಗೆಮನೆಗೆ ಕಾಲಿಡಲಿಲ್ಲ. ಆಗ ಆ ಮನೆಯವರಿಗೆ ಒಂದೊಂದಾಗಿ ತಿಳಿಯಿತು: ಹಾಲಿನವನಿಗೆ ಬಾಗಿಲು ತೆಗೆಯುತ್ತಿದ್ದವರು ಯಾರು, ಮಾವನ ಮಾತ್ರೆಯನ್ನು ಡಬ್ಬಿಗೆ ತುಂಬುತ್ತಿದ್ದವರು ಯಾರು, ನೀರು ಬರುವ ಹೊತ್ತಿಗೆ ನಲ್ಲಿ ತಿರುಗಿಸುತ್ತಿದ್ದವರು ಯಾರು. ಅತ್ತೆ ಬೇಳೆ ಸೀಯಿಸಿದರು. ಗಂಡ ಇಸ್ತ್ರಿಯಿಲ್ಲದ ಅಂಗಿಯಲ್ಲಿ ಮುದ್ರಣಾಲಯಕ್ಕೆ ಹೋದ. ಸೊಸೆ ಪಾಠ ಮುಗಿಸಿ ಬಂದು ರಾಶಿ ಬಿದ್ದ ಪಾತ್ರೆ ತೊಳೆದಳು.

“ನೀನು ಆ ನೆಲಮಾಳಿಗೆಗೆ ಇಳಿಯದಿದ್ರೆ ಆಗ್ತಿರಲಿಲ್ವಾ?” ಎಂದು ಗಂಡ ಕೇಳಿದ.

“ನನ್ನ ಕೆಲಸಾನೇ ಅದು.”

“ಕಾಗುಣಿತ ನೋಡೋಕೆ ಕಳಿಸಿದ್ರು. ಕಾಗುಣಿತ ನೋಡಿ ಬರ್ಬೇಕಿತ್ತು.”

ಚಿಕ್ಕಮ್ಮ ತಮ್ಮ ಕೋಣೆಯಲ್ಲಿ ಕೂತು ಕುಲಸಚಿವರಿಗೆ ಅರ್ಜಿ ಬರೆದರು. ಎರಡು ದಿನ ಹಿಡಿಯಿತು. ನಾಲ್ಕು ಸಲ ಹರಿದು ಬರೆದರು. ಕೊನೆಗೆ ಒಂದೇ ಪುಟ ಉಳಿಯಿತು. ಅಂಕವನ್ನು ಸರಿಪಡಿಸಬೇಕು, ಸಂಪುಟದ ಪಟ್ಟಿಯಲ್ಲಿ ಹೆಸರು ಸರಿಯಾಗಬೇಕು, ಅಷ್ಟೇ. ಅದರ ಜೊತೆಗೆ ಫೋಟೋಗಳ ಪ್ರತಿ. ಅವನ್ನು ತೆಗೆದವರು ಯಾರೆಂದು ಬರೆಯಲೇ ಎಂದು ಸೊಸೆಯನ್ನು ಕೇಳಿದರು.

“ಬರೀರಿ ಚಿಕ್ಕಮ್ಮ,” ಎಂದಳು ಅವಳು. ಆ ಕ್ಷಣದಲ್ಲಿ ಅವಳಿಗೆ ಬೇರೆ ಯೋಚನೆ ಇರಲಿಲ್ಲ.

“ಪದಕ ಕೇಳಲ್ವಾ ಚಿಕ್ಕಜ್ಜಿ?” ಎಂದಳು ಮಗಳು.

“ಪದಕ ಹಾಕ್ಕೊಂಡು ತರಕಾರಿ ತರೋಕೆ ಹೋಗ್ಲಾ?” ಚಿಕ್ಕಮ್ಮ ಸೊಸೆಯ ಕೆನ್ನೆ ತಟ್ಟಿದರು. “ನೀನು ಧೈರ್ಯ ಮಾಡಿದೆ ಹುಡುಗಿ. ಈ ಮನೇಲಿ ನೀನೊಬ್ಬಳಾದ್ರೂ ಮಾಡಿದೆ.”

ಮುಂದಿನ ವಾರ ಅವರು ಮನೆ ಬಿಟ್ಟರು. ಎರಡು ಬೀದಿ ಆಚೆ, ದರ್ಜಿಯ ಅಂಗಡಿಯ ಮೇಲೆ ಒಂದು ಕೋಣೆ. ಆ ದರ್ಜಿಯ ಮಕ್ಕಳಿಬ್ಬರೂ ಅವರ ಬಳಿ ಲೆಕ್ಕ ಕಲಿತವರು. ಎರಡು ಟ್ರಂಕು, ಒಂದು ಕರಿಹಲಗೆ. ಮೊಮ್ಮಗಳು ಹೊತ್ತಳು. ಅತ್ತೆ ಒಳಗೆ ಹಾಸಿಗೆಯ ಮೇಲೆ ಗೋಡೆಯ ಕಡೆ ಮುಖಮಾಡಿ ಮಲಗಿಬಿಟ್ಟರು. ಮಾವ ಗೇಟಿನವರೆಗೆ ಬಂದರು.

“ಆ ಕೋಣೆವರೆಗೂ ಬಿಟ್ಟುಬರ್ಲಾ?” ಎಂದರು.

“ಬೇಡ ಭಾವ. ದಾರಿ ಗೊತ್ತಿದೆ.”

ಅರ್ಜಿ ಹೋದ ಹತ್ತು ದಿನಕ್ಕೆ ಕುಲಸಚಿವರು ಸೊಸೆಯನ್ನು ಕರೆಸಿದರು. ಕೋಣೆಯಲ್ಲಿ ಪದಕದ ಮೇಷ್ಟ್ರೂ ಇದ್ದರು. ಕುಲಸಚಿವರು ಕುರ್ಚಿ ತೋರಿಸಿದರು, ಚಹಾ ತರಿಸಿದರು. ಅವಳಿಗೆ ಮಾವನ ಮಾತು ನೆನಪಾಗಿ ಲೋಟ ಮುಟ್ಟಲಾಗಲಿಲ್ಲ.

“ನಿಮ್ಮ ಸಂದರ್ಶನ ಬರೋ ಬುಧವಾರ ಅಲ್ವಾ?” ಎಂದರು ಕುಲಸಚಿವರು.

“ಹೌದು ಸರ್.”

“ಆ ವರ್ಷದ ರಿಜಿಸ್ಟರು ಹುಡುಕಿಸಿದೆ. ಸಿಗಲಿಲ್ಲ. ನೆಲಮಾಳಿಗೆಗೆ ಹಿಂದೊಮ್ಮೆ ನೀರು ನುಗ್ಗಿತ್ತಂತೆ.”

“ಹೋದ ತಿಂಗಳು ನಾನೇ ನೋಡಿದೀನಿ ಸರ್.”

“ಈಗ ಇಲ್ಲ. ಇಲ್ಲದ ರಿಜಿಸ್ಟರನ್ನ ನೀವು ನೋಡಿದ್ರೆ ನಮಗೆಲ್ಲ ಕಷ್ಟ.” ಅವರು ಒಂದು ಹಾಳೆ ಮುಂದಿಟ್ಟರು. ಟೈಪು ಮಾಡಿ ಸಿದ್ಧವಾಗಿತ್ತು: ಸಂಪುಟದ ಕೆಲಸಕ್ಕಾಗಿ ನಾನು ಪರಿಶೀಲಿಸಿದ ಯಾವುದೇ ದಾಖಲೆಯಲ್ಲಿ ಅಂಕಗಳ ತಿದ್ದುಪಡಿ ಕಂಡುಬಂದಿರುವುದಿಲ್ಲ. “ಅವಸರ ಇಲ್ಲ. ಸೋಮವಾರ ಕೊಡಿ.”

ಪದಕದ ಮೇಷ್ಟ್ರು ಅಲ್ಲಿಯವರೆಗೆ ಕಿಟಕಿಯಾಚೆ ನೋಡುತ್ತಿದ್ದರು. “ನಾನೇನೂ ಕೇಳಿರಲಿಲ್ಲಮ್ಮ,” ಎಂದರು. “ನಮ್ಮಪ್ಪ ಏನು ಮಾಡಿದ್ರೋ ನನಗೆ ಗೊತ್ತಿಲ್ಲ. ಗೊತ್ತು ಮಾಡ್ಕೊಳ್ಳೋಕೂ ಹೋಗಲಿಲ್ಲ. ಆದ್ರೆ ಮೂವತ್ತೇಳು ವರ್ಷ ಪಾಠ ಮಾಡಿದೀನಿ. ಅದು ಸುಳ್ಳಲ್ಲವಲ್ಲ?”

“ಅವರೂ ಮೂವತ್ತೈದು ವರ್ಷ ಪಾಠ ಮಾಡಿದಾರೆ ಸರ್,” ಎಂದಳು ಸೊಸೆ. “ಎರಡೊಂದ್ಲ ಎರಡು ಅಂತ.”

ಮೇಷ್ಟ್ರು ಮತ್ತೆ ಕಿಟಕಿಯ ಕಡೆ ತಿರುಗಿದರು.

ಶನಿವಾರ ಮನೆಯಲ್ಲಿ ಬ್ರೆಡ್ಡು, ಆಲೂಗಡ್ಡೆ ಪಲ್ಯ. ಹಾಳೆ ಮೇಜಿನ ಮೇಲೆ ಉಪ್ಪಿನ ಡಬ್ಬಿಯ ಕೆಳಗಿತ್ತು.

“ಸಹಿ ಹಾಕು, ಮುಗಿಸು,” ಎಂದ ಗಂಡ. “ಹನ್ನೊಂದು ವರ್ಷ ಕಾದಿದೀಯ. ನಿನ್ನ ಜೊತೆಗೆ ಕಾಯ್ತಿರೋ ಇನ್ನೂ ನಾಲ್ಕು ಜನ ಇದ್ದಾರೆ. ನೀನು ಹಾಕದಿದ್ರೆ ಅವರಲ್ಲಿ ಒಬ್ಬರಿಗೆ ಹಬ್ಬ.”

“ಅಮ್ಮ, ಹಾಕ್ಬೇಡ,” ಎಂದಳು ಮಗಳು.

“ನೀನು ಸುಮ್ನಿರು. ಮುಂದಿನ ವರ್ಷ ನಿನಗೆ ಅಲ್ಲೇ ಸೀಟು ಬೇಕು.”

“ನನಗೆ ಬೇಡ ಆ ಸೀಟು.”

“ಮತ್ತೆಲ್ಲಿ ಓದ್ತೀಯಾ? ದರ್ಜಿ ಅಂಗಡಿ ಮೇಲಾ?”

“ಅಲ್ಲೇ ಓದ್ತೀನಿ. ಅಲ್ಲಿ ತಿದ್ದಲ್ಲ.” ಅವಳು ತಟ್ಟೆ ಬಿಟ್ಟು ಎದ್ದು ಹೋದಳು. ಅತ್ತೆ ಅವಳ ತಟ್ಟೆಯನ್ನು ಇನ್ನೊಂದು ತಟ್ಟೆಯಿಂದ ಮುಚ್ಚಿಟ್ಟರು.

ಭಾನುವಾರ ಸೊಸೆ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ಮಾವ ಬಂದು ಕ್ಲಿಪ್ಪುಗಳ ಡಬ್ಬಿ ಹಿಡಿದು ನಿಂತರು. ಒಂದೊಂದೇ ತೆಗೆದು ಕೊಟ್ಟರು.

“ನೀವೇನು ಹೇಳ್ತೀರಿ ಮಾವ?”

“ನಾನು ಹೇಳೋದೇನಿದೆ? ಹಾಕು ಅಂದ್ರೂ ತಪ್ಪು, ಬೇಡ ಅಂದ್ರೆ ಯಾವ ಮುಖ ಇಟ್ಕೊಂಡು ಅನ್ನಲಿ?” ಇನ್ನೊಂದು ಕ್ಲಿಪ್ಪು ಕೊಟ್ಟರು. “ಒಂದು ಮಾತ್ರ ಗೊತ್ತು. ಏನೂ ಆಗಲ್ಲ. ಸಹಿ ಹಾಕಿದ ದಿನ ಊಟ ಸೇರಲ್ಲ ಅಂದ್ಕೊಂಡಿದ್ದೆ, ಸೇರ್ತು. ನಿದ್ದೆ ಬರಲ್ಲ ಅಂದ್ಕೊಂಡಿದ್ದೆ, ಬಂತು. ಒಂದೆರಡು ವರ್ಷ ಅವಳ ಮುಖ ನೋಡೋಕೆ ಆಗ್ತಿರಲಿಲ್ಲ. ಆಮೇಲೆ ಅದೂ ಆಯ್ತು. ಅವಳು ಮಾಡಿದ ಅಡುಗೇನ ಚೆನ್ನಾಗಿದೆ ಅಂತ ಹೊಗಳ್ತಿದ್ದೆ.”

ಅವಳು ರಾತ್ರಿಯಿಡೀ ಹೊರಳಾಡಲಿಲ್ಲ. ಕೂತು ಯೋಚಿಸಿದಳು ಅಷ್ಟೆ. ಸಹಿ ಹಾಕದಿದ್ದರೆ ರಿಜಿಸ್ಟರು ವಾಪಸ್ ಬರುವುದಿಲ್ಲ. ಪಟ್ಟಿ ಬದಲಾಗುವುದಿಲ್ಲ. ಚಿಕ್ಕಮ್ಮನಿಗೆ ಇಪ್ಪತ್ತಮೂರರ ವಯಸ್ಸು ತಿರುಗಿ ಬರುವುದಿಲ್ಲ. ತನಗೆ ನಲವತ್ತೆರಡು; ಇನ್ನೊಮ್ಮೆ ಹುದ್ದೆ ಕರೆಯುವ ಹೊತ್ತಿಗೆ ವಯಸ್ಸು ಮೀರುತ್ತದೆ. ಒಂದರ ಪಕ್ಕ ಒಂದಿಟ್ಟು ಕೂಡಿದಳು. ಎಲ್ಲವೂ ಸರಿಯಾಗಿಯೇ ಕೂಡಿತು. ಸೋಮವಾರ ಬೆಳಿಗ್ಗೆ ಮೊದಲ ಪಾಠಕ್ಕೆ ಮುಂಚೆ ಹಾಳೆಗೆ ಸಹಿ ಹಾಕಿ, ದಿನಾಂಕ ಬರೆದು, ಕುಲಸಚಿವರ ಗುಮಾಸ್ತೆಯ ಕೈಗೆ ಕೊಟ್ಟಳು. ಗುಮಾಸ್ತೆ ಅದರ ಮೇಲೆ ಮುದ್ರೆ ಒತ್ತಿ, “ಪಾಠಕ್ಕೆ ಹೊತ್ತಾಯ್ತಾ ಮೇಡಂ?” ಎಂದು ಕೇಳಿದಳು. ಆ ದಿನದ ಪಾಠ ಚೆನ್ನಾಗಿಯೇ ಆಯಿತು. ಮಧ್ಯಾಹ್ನ ಹಸಿವೂ ಆಯಿತು.

ಸಂದರ್ಶನ ಹತ್ತು ನಿಮಿಷ. ನೇಮಕದ ಆದೇಶ ಎರಡು ವಾರದಲ್ಲಿ ಬಂತು. ಅತ್ತೆ ಸಕ್ಕರೆ ಹಾಕಿ ಏನೋ ಸಿಹಿ ಮಾಡಿದರು, ತಳ ಹಿಡಿದಿತ್ತು. ಮಗಳು ತಿನ್ನಲಿಲ್ಲ. ಅವಳು ಈಗ ಕಾಲೇಜಿನಿಂದ ನೇರ ದರ್ಜಿ ಅಂಗಡಿಯ ಮೇಲಿನ ಕೋಣೆಗೆ ಹೋಗಿ, ಕತ್ತಲಾಗುವ ಮೊದಲು ಮನೆಗೆ ಬಂದು, ತಟ್ಟೆ ಹಿಡಿದು ತನ್ನ ಕೋಣೆ ಸೇರುತ್ತಿದ್ದಳು. “ಚಿಕ್ಕಜ್ಜಿ ಹೇಗಿದಾರೆ?” ಎಂದರೆ “ಇದಾರೆ” ಎನ್ನುತ್ತಿದ್ದಳು.

ಸಂಪುಟ ಗಂಡನ ಯಂತ್ರದಲ್ಲೇ ಅಚ್ಚಾಯಿತು. ದಪ್ಪ ರಟ್ಟು, ಹೊಳೆಯುವ ಹಾಳೆ. ಬಿಡುಗಡೆಯ ದಿನ ಹೊಸ ಸಭಾಂಗಣ ತುಂಬಿತ್ತು. ಪದಕದ ಮೇಷ್ಟ್ರು ಅಧ್ಯಕ್ಷರ ಮಾತಿನಲ್ಲಿ, ಈ ಸಂಸ್ಥೆಯಲ್ಲಿ ಪ್ರತಿಭೆಗೆ ಎಂದೂ ಅನ್ಯಾಯವಾಗಿಲ್ಲ ಎಂದು ಬರೆದುಕೊಂಡು ಬಂದದ್ದನ್ನು ಓದಿದರು. ಎಂದಿನಂತೆ ಪದಕದ ಸುದ್ದಿ ಮಾತ್ರ ತೆಗೆಯಲಿಲ್ಲ. ಸೊಸೆಯ ಹೆಸರು ಮೂರನೆಯ ಪುಟದಲ್ಲಿ, ಸಹಕಾರ ಎಂಬ ಮಾತಿನ ಮುಂದೆ, ಕೊನೆಯ ಸಾಲಿನಲ್ಲಿತ್ತು. ಗೋದಾಮು ಇತ್ತು, ಗಂಧಕದ ಹೊಗೆ ಇತ್ತು, ಒಳಗಿಂದ ಬೀಗ ಹಾಕಿಕೊಂಡ ಒಂಬತ್ತು ಹುಡುಗಿಯರೂ ಇದ್ದರು. ಓದಿದವರೆಲ್ಲ ಆ ಭಾಗ ಸೊಗಸಾಗಿದೆ ಎಂದರು.

ಗಂಡ ಒಂದು ಪ್ರತಿಯನ್ನು ಮನೆಗೆ ತಂದ. ಮಾವ ಭೂತಗನ್ನಡಿ ಹಿಡಿದು ನೇರವಾಗಿ ಪದಕದ ಪಟ್ಟಿಗೆ ಹೋದರು. ಗಣಿತದ ಸಾಲುಗಳ ಮೇಲೆ ಗಾಜು ನಿಧಾನವಾಗಿ ಇಳಿದು ಒಂದು ಕಡೆ ನಿಂತಿತು. ಆಮೇಲೆ ಪುಸ್ತಕ ಮುಚ್ಚಿ, “ಒಂದು ಲೋಟ ಚಹಾ ಸಿಗುತ್ತಾ?” ಎಂದರು. ಅತ್ತೆ ಒಳಗಿನಿಂದ, “ಮಾಡೋರು ಯಾರಿದಾರೆ?” ಎಂದರು. ಸೊಸೆಯೇ ಎದ್ದು ಮಾಡಿದಳು.

ಮಾರನೆಯ ಸಂಜೆ ಅವಳು ದರ್ಜಿಯ ಅಂಗಡಿಗೆ ಹೋದಳು. ಕೈಚೀಲದಲ್ಲಿ ಚಿಕ್ಕಮ್ಮನಿಗೆ ಇಷ್ಟವಾದ ಎಳೆಯ ಸೌತೆಕಾಯಿ ಇಟ್ಟುಕೊಂಡಿದ್ದಳು. ದಾರಿಯುದ್ದಕ್ಕೂ ಹೇಳಬೇಕಾದದ್ದನ್ನು ಜೋಡಿಸಿ ಇಟ್ಟುಕೊಂಡಳು: ತಾನು ಎಲ್ಲ ಹೇಳಿಬಿಡುವುದು, ಅವರು ಬೈಯುವುದು, ಎರಡೇಟು ಕೊಟ್ಟರೂ ಕೊಡುವುದು, ಆಮೇಲೆ ಸುಮ್ಮನಾಗುವುದು. ಹತ್ತೊಂಬತ್ತು ವರ್ಷದಲ್ಲಿ ಅವರ ಬೈಗುಳ ಅವಳಿಗೆ ಹೊಸದಲ್ಲ. ಮದುವೆಯಾದ ಹೊಸದರಲ್ಲಿ ಹಾಲು ಉಕ್ಕಿಸಿದ್ದಕ್ಕೆ, ಪ್ರಬಂಧ ಅರ್ಧಕ್ಕೆ ಬಿಡುತ್ತೇನೆಂದು ಅತ್ತದ್ದಕ್ಕೆ, ಹೆರಿಗೆಯಲ್ಲಿ ಕಿರುಚಿದ್ದಕ್ಕೆ ಎಲ್ಲಕ್ಕೂ ಬೈದಿದ್ದರು.

ಹೊಲಿಗೆ ಯಂತ್ರಗಳ ಸದ್ದಿನ ಪಕ್ಕದಲ್ಲೇ ಕಿರಿದಾದ ಮೆಟ್ಟಿಲು. ಮೇಲೆ ಬಾಗಿಲು ತೆರೆದಿತ್ತು. ಚಾಪೆಯ ಮೇಲೆ ಆರು ಮಕ್ಕಳು, ಅವರ ನಡುವೆ ಅವಳ ಮಗಳು. ಚಿಕ್ಕಮ್ಮ ಕರಿಹಲಗೆಯ ಮೇಲೆ ಒಂದು ತ್ರಿಕೋನ ಬರೆಯುತ್ತಿದ್ದರು. ಬಾಗಿಲ ಪಕ್ಕದ ಮೇಜಿನ ಮೇಲೆ ವಿಶ್ವವಿದ್ಯಾಲಯದ ಉದ್ದನೆಯ ಲಕೋಟೆ ಒಡೆದು ಬಿದ್ದಿತ್ತು. ಅದರ ಮೇಲೆ ಎರಡು ಹಾಳೆ, ಗಾಳಿಗೆ ಹಾರದಂತೆ ಸ್ಕೇಲು. ಮೇಲಿನ ಹಾಳೆಯಲ್ಲಿ ಒಂದು ವಾಕ್ಯಕ್ಕೆ ಸೀಸದಕಡ್ಡಿಯಿಂದ ಅಡಿಗೆರೆ ಎಳೆದಿತ್ತು. ಬಾಗಿಲಲ್ಲಿ ನಿಂತೇ ಅವಳು ಓದಿದಳು: ಸದರಿ ಚಿತ್ರಗಳನ್ನು ತೆಗೆದವರೆಂದು ಅರ್ಜಿದಾರರು ತಿಳಿಸಿರುವ ಉಪನ್ಯಾಸಕಿಯೇ ಅಂತಹ ತಿದ್ದುಪಡಿ ಕಂಡಿಲ್ಲವೆಂದು ಲಿಖಿತ ಹೇಳಿಕೆ ನೀಡಿರುವುದರಿಂದ ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ. ಕೆಳಗಿನ ಹಾಳೆಯ ತುದಿ ಮಾತ್ರ ಕಾಣುತ್ತಿತ್ತು. ತುದಿಯಲ್ಲಿ ಅವಳ ಸಹಿ.

“ಚಿಕ್ಕಮ್ಮ,” ಎಂದಳು.

ಚಿಕ್ಕಮ್ಮ ತಿರುಗಿದರು. ಮುಖದಲ್ಲಿ ಸಿಟ್ಟಿರಲಿಲ್ಲ. ಕೈಯ ಸೀಮೆಸುಣ್ಣ ಕೆಳಗಿಟ್ಟು, ಬಟ್ಟೆಯಿಂದ ಬೆರಳು ಒರೆಸಿಕೊಂಡರು.

“ಬನ್ನಿ. ಒಳಗೆ ಬನ್ನಿ ಮೇಡಂ,” ಎಂದರು.

ಸೊಸೆ ಹಿಂತಿರುಗಿ ನೋಡಿದಳು, ತನ್ನ ಹಿಂದೆ ಬೇರೆ ಯಾರಾದರೂ ಬಂದಿರಬೇಕೆಂದು. ಮೆಟ್ಟಿಲಲ್ಲಿ ಯಾರೂ ಇರಲಿಲ್ಲ.

“ಕೂತ್ಕೊಳ್ಳಿ. ಮಕ್ಕಳಿಗೆ ಪರೀಕ್ಷೆ ಹತ್ತಿರ ಬಂದಿದೆ, ಒಂದು ಹತ್ತು ನಿಮಿಷ. ನಿಮಗೆ ಕೆಲಸ ಕಾಯಂ ಆಯ್ತಂತೆ, ಕೇಳಿದೆ. ಒಳ್ಳೇದಾಯ್ತು.” ದರ್ಜಿಯ ಮಗಳ ಕಡೆ ನೋಡಿದರು. “ಏ ಪುಟ್ಟಿ, ಅವರಿಗೊಂದು ಕುರ್ಚಿ ಹಾಕು.”

ಹುಡುಗಿ ಎದ್ದು ಕುರ್ಚಿ ತಂದಿಟ್ಟಳು. ಚಿಕ್ಕಮ್ಮ ಹಲಗೆಯ ಕಡೆ ತಿರುಗಿ ತ್ರಿಕೋನದ ಮೂರನೆಯ ಗೆರೆ ಎಳೆದರು. ಅವಳ ಮಗಳು ತಲೆಯೆತ್ತದೆ ಅದನ್ನು ಬರೆದುಕೊಂಡಳು.